ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಕ್ಷೇತ್ರ ಭೇಟಿ: ಆಹಾರ ವ್ಯವಸ್ಥೆಯ ಸುಸ್ಥಿರತೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಆಹಾರ ವ್ಯವಸ್ಥೆಯ ಮೇಲೆ ಸಂಶೋಧನೆ ಮಾಡುವವರು ಹೊಲ, ಸಗಟು ಮಾರುಕಟ್ಟೆ, ಗೋದಾಮು, ಕಾರ್ಖಾನೆಗಳಿಗೆ ಹೊರಡುವ ಮುಂಚೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಕೆಲವಕ್ಕೆ ಉತ್ತರ ಉದ್ದವಾಗಿದೆ, ಕೆಲವಕ್ಕೆ ಎರಡೇ ಮಾತು ಸಾಕಾಗಿದೆ.

ಓದಲು ಇಷ್ಟೊಂದು ಪೇಪರ್‌ಗಳಿವೆ. ಹೋಗಿ ನೋಡಲೇಬೇಕಾ?

ನೋಡಲೇಬೇಕು. ಪೇಪರ್‌ಗಳಲ್ಲಿ ತಪ್ಪಿದೆ ಅಂತಲ್ಲ. ಅವುಗಳಲ್ಲಿ ಬಹುಪಾಲು ಸರಾಸರಿ ಇರುತ್ತದೆ. ಆ ಸರಾಸರಿಯೊಳಗೆ ಯಾರ್ಯಾರು ಸೇರಿದ್ದಾರೆ ಅನ್ನೋದು ಜಾಗಕ್ಕೆ ಹೋದಾಗಲೇ ತಿಳಿಯೋದು.

2018ರಲ್ಲಿ ಪೂರ್ ಮತ್ತು ನೆಮೆಚೆಕ್ ಎಂಬ ಇಬ್ಬರು ಸಂಶೋಧಕರು 119 ದೇಶಗಳ ಸುಮಾರು 38,700 ಹೊಲ, ತೋಟ, ಫಾರ್ಮ್‌ಗಳ ಮಾಹಿತಿಯನ್ನು ಒಟ್ಟುಗೂಡಿಸಿದರು. ಒಂದೇ ಪದಾರ್ಥ ಬೆಳೆಯುವವರ ನಡುವೆಯೇ ಪರಿಸರದ ಮೇಲಿನ ಹೊರೆಯಲ್ಲಿ 50 ಪಟ್ಟಿನವರೆಗೆ ವ್ಯತ್ಯಾಸ ಇರಬಹುದು ಅಂತ ಅವರಿಗೆ ಕಂಡುಬಂತು. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ? ಮಣ್ಣು, ನೀರು, ಸಾಲ, ಮಾರುಕಟ್ಟೆಗೆ ಇರುವ ದೂರ, ಮನೆಯಲ್ಲಿ ದುಡಿಯುವ ಕೈಗಳು, ಕೊಳ್ಳುವವರು ಹಾಕುವ ಷರತ್ತು. ಇವೆಲ್ಲ ಒಂದು ಹೊಲದಲ್ಲಿ ಹೇಗೆ ಕೂಡಿಕೊಂಡಿವೆ ಅನ್ನೋದನ್ನು ಕೋಷ್ಟಕ ಹೇಳುವುದಿಲ್ಲ. ಅಲ್ಲಿ ಅರ್ಧ ದಿನ ಕೂತು ಮಾತಾಡಿದರೆ ಹೊಳೆಯುತ್ತದೆ.

ಇನ್ನೊಂದು ಕಾರಣವೂ ಇದೆ. ಓದಿಕೊಂಡು ಕಟ್ಟಿದ ಸಂಶೋಧನಾ ಪ್ರಶ್ನೆ ಎಷ್ಟೋ ಸಲ ಅಲ್ಲಿನ ಜನರ ಪ್ರಶ್ನೆಯೇ ಆಗಿರುವುದಿಲ್ಲ. ಅದು ಮೊದಲ ವರ್ಷದಲ್ಲೇ ಗೊತ್ತಾದರೆ ಒಳ್ಳೆಯದು.

ಎಲ್ಲೆಲ್ಲಿಗೆ ಹೋಗಬೇಕು? ಹೊಲ ನೋಡಿದರೆ ಸಾಲದಾ?

ಸಾಲದು. 2021ರಲ್ಲಿ ಕ್ರಿಪ್ಪಾ ಮತ್ತು ಸಂಗಡಿಗರು ಮಾಡಿದ ಲೆಕ್ಕದ ಪ್ರಕಾರ, 2015ರಲ್ಲಿ ಮನುಷ್ಯರಿಂದಾದ ಒಟ್ಟು ಹಸಿರುಮನೆ ಅನಿಲದಲ್ಲಿ ಸುಮಾರು 34 ಶೇಕಡಾ ಆಹಾರ ವ್ಯವಸ್ಥೆಯದು. ಅದರಲ್ಲಿ 71 ಶೇಕಡಾ ಬೇಸಾಯ ಮತ್ತು ಭೂಬಳಕೆಯಿಂದ ಬಂದದ್ದು. ಉಳಿದದ್ದು ಸಾಗಣೆ, ಸಂಸ್ಕರಣೆ, ಪ್ಯಾಕಿಂಗ್, ಮಾರಾಟ, ಅಡುಗೆ, ಕಸದಿಂದ. ಹೊಲ ದೊಡ್ಡ ಪಾಲು ಅನ್ನೋದೇನೋ ನಿಜ. ಆದರೆ ಹೊಲದಲ್ಲಿ ಏನು ಬೆಳೆಯಬೇಕು, ಯಾವ ಗಾತ್ರದ್ದು, ಯಾವ ದಿನ ಕೊಯ್ಯಬೇಕು ಅನ್ನೋ ತೀರ್ಮಾನ ಎಷ್ಟೋ ಸಲ ಹೊಲದಿಂದ ಬಹಳ ದೂರದಲ್ಲಿ ಆಗಿರುತ್ತದೆ.

ಎಲ್ಲಿಗೆ ಹೋಗಲಿ ಅಂದವರಿಗೆ ನಾನು ಹೇಳೋದು ಇಷ್ಟೇ: ಸರಕು ಕೈ ಬದಲಾಗುವ ಜಾಗಕ್ಕೆ ಹೋಗಿ. ರೈತನಿಂದ ಲಾರಿಗೆ, ಲಾರಿಯಿಂದ ಮಾರುಕಟ್ಟೆಗೆ, ಅಲ್ಲಿಂದ ಕಾರ್ಖಾನೆಗೆ, ಅಂಗಡಿಯ ಹಿಂಬಾಗಿಲಿಗೆ. ತೂಕ ಆಗುವುದು ಅಲ್ಲೇ. ದರ ನಿಲ್ಲುವುದು, ಕೆಟ್ಟದ್ದನ್ನು ಆರಿಸಿ ಎಸೆಯುವುದು, ನಷ್ಟ ಯಾರ ತಲೆಗೆ ಅಂತ ತೀರ್ಮಾನವಾಗುವುದೂ ಅಲ್ಲೇ. ಒಂದು ವ್ಯವಸ್ಥೆ ಎಷ್ಟು ದಿನ ಬಾಳೀತು ಅನ್ನೋದಕ್ಕೆ ಇಷ್ಟು ಸ್ಪಷ್ಟವಾದ ಸುಳಿವು ಬೇರೆ ಕಡೆ ಸಿಗುವುದು ಕಷ್ಟ.

ಒಂದೇ ಪದಾರ್ಥ ಹಿಡಿದು ಅದರ ಬೆನ್ನು ಹತ್ತುವುದು ಒಳ್ಳೆಯ ದಾರಿ. ಹತ್ತು ಪದಾರ್ಥಗಳನ್ನು ಒಂದೊಂದು ಕಡೆ ನೋಡುವುದಕ್ಕಿಂತ, ಒಂದು ಪದಾರ್ಥವನ್ನು ಬೀಜದಿಂದ ಕಸದ ಬುಟ್ಟಿಯವರೆಗೆ ನೋಡಿದರೆ ಜಾಸ್ತಿ ಕಲಿಯುತ್ತೀರಿ.

ನನ್ನದು ಕಂಪ್ಯೂಟರ್ ಮಾಡೆಲ್ ಕೆಲಸ. ನನಗೂ ಬೇಕಾ?

ನಿಮಗೇ ಜಾಸ್ತಿ ಬೇಕು. ಮಾಡೆಲ್‌ನೊಳಗೆ ಹಾಕುವ ಪ್ರತಿ ಅಂಕಿಯ ಹಿಂದೆ ಯಾರೋ ಏನೋ ಅಳೆದಿರುತ್ತಾರೆ. "ಸಾಗಣೆಯಲ್ಲಿ ಇಷ್ಟು ಶೇಕಡಾ ನಷ್ಟ" ಅಂತ ಒಂದು ಸಾಲು ಬರೆಯುತ್ತೀರಿ ಅಂದುಕೊಳ್ಳಿ. ಯಾವುದನ್ನು ನಷ್ಟ ಅಂತ ಲೆಕ್ಕ ಹಾಕಿದರು? ಪೂರ್ತಿ ಬಿಸಾಡಿದ್ದನ್ನೋ, ಕಡಿಮೆ ದರಕ್ಕೆ ಹೋದದ್ದನ್ನೋ, ದನಕ್ಕೆ ಹಾಕಿದ್ದನ್ನೋ? ಇಳಿಸುವ ಜಾಗದಲ್ಲಿ ಒಂದು ಬೆಳಿಗ್ಗೆ ನಿಂತರೆ ಈ ಮೂರೂ ಬೇರೆ ಬೇರೆ ರಾಶಿಯಾಗಿ ಕಣ್ಣೆದುರೇ ಬೀಳುತ್ತವೆ. ಆಮೇಲೆ ನಿಮ್ಮ ಮಾಡೆಲ್‌ನಲ್ಲಿ ಆ ಒಂದು ಸಾಲು ಮೂರು ಸಾಲಾಗುತ್ತದೆ.

ಹೊರಡುವ ಮುಂಚೆ ಏನು ತಯಾರಿ ಬೇಕು?

ಒಂದು ಪುಟದಷ್ಟು ಬರೆದುಕೊಳ್ಳಿ. ನನಗೆ ಏನು ಗೊತ್ತಿದೆ, ಏನು ಅನುಮಾನವಿದೆ, ಅಲ್ಲಿ ಏನು ಕಂಡರೆ ನನ್ನ ಅಭಿಪ್ರಾಯ ಬದಲಾಗುತ್ತದೆ. ಮೂರನೆಯದನ್ನು ಬರೆಯುವುದು ಕಷ್ಟ, ಆದರೆ ಮುಖ್ಯವಾದದ್ದು ಅದೇ. ಅದಿಲ್ಲದೆ ಹೋದವರು ತಾವು ಮೊದಲೇ ನಂಬಿದ್ದನ್ನೇ ಅಲ್ಲೂ ನೋಡಿಕೊಂಡು ಬರುತ್ತಾರೆ.

ಹೋಗುವ ಜಾಗದ ಬೆಳೆ ಕಾಲ, ಮಳೆ ಕಾಲ, ಸಂತೆ ಅಥವಾ ಮಾರುಕಟ್ಟೆಯ ದಿನ ತಿಳಿದುಕೊಳ್ಳಿ. ಕೊಯ್ಲಿನ ಭರಾಟೆಯಲ್ಲಿ ಹೋದರೆ ಮಾತಾಡಲು ಯಾರಿಗೂ ಪುರುಸೊತ್ತು ಇರುವುದಿಲ್ಲ. ಕೊಯ್ಲು ಮುಗಿದ ಮೇಲೆ ಹೋದರೆ ನೋಡಲು ಏನೂ ಇರುವುದಿಲ್ಲ. ಆಗುವುದಾದರೆ ಒಂದೇ ಜಾಗಕ್ಕೆ ಎರಡು ಬೇರೆ ಕಾಲದಲ್ಲಿ ಹೋಗಿ.

ಚೌಕಟ್ಟು ಬೇಕು ಅನ್ನುವವರು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ (ಎಫ್‌ಎಒ) ಸಾಫಾ ಮಾರ್ಗಸೂಚಿ ಓದಬಹುದು. ಅದು ಸುಸ್ಥಿರತೆಯನ್ನು ನಾಲ್ಕು ಭಾಗ ಮಾಡುತ್ತದೆ: ಒಳ್ಳೆಯ ಆಡಳಿತ, ಪರಿಸರ, ಆರ್ಥಿಕ ಕಸುವು, ಜನರ ಬದುಕು. ಅದರ ಕೆಳಗೆ 21 ವಿಷಯ, 58 ಉಪವಿಷಯಗಳಿವೆ. ಪಟ್ಟಿಯನ್ನು ಕೈಯಲ್ಲಿ ಹಿಡಿದು ಟಿಕ್ ಹಾಕುತ್ತಾ ಓಡಾಡಬೇಡಿ. ಮನೆಯಲ್ಲಿ ಓದಿ, ಸಂಜೆ ಟಿಪ್ಪಣಿ ಬರೆಯುವಾಗ ಏನು ಬಿಟ್ಟುಹೋಯಿತು ಅಂತ ನೋಡಲು ಬಳಸಿ.

ಹೊಲಕ್ಕೆ ಹೋದಾಗ ಏನನ್ನು ನೋಡಬೇಕು?

ಮೊದಲು ಮಣ್ಣು. ಹೊಲದವರ ಅನುಮತಿ ಕೇಳಿ, ಗುದ್ದಲಿಯಿಂದ ಒಂದು ಹೆಂಟೆ ಎತ್ತಿ. ಕೈಯಲ್ಲಿ ಮೆಲ್ಲಗೆ ಮುರಿಯಿರಿ. ಗುಂಡು ಗುಂಡಾದ ಸಣ್ಣ ಕಾಳುಗಳಾಗಿ ಉದುರುತ್ತದಾ, ಅಥವಾ ಚೂಪು ಅಂಚಿನ ಗಟ್ಟಿ ತುಂಡುಗಳಾಗಿ ಒಡೆಯುತ್ತದಾ? ಬೇರು ನೇರವಾಗಿ ಇಳಿದಿದೆಯಾ, ಒಂದು ಆಳಕ್ಕೆ ಬಂದು ಅಡ್ಡ ತಿರುಗಿದೆಯಾ? ಅಡ್ಡ ತಿರುಗಿದ್ದರೆ ಕೆಳಗೆ ಒತ್ತಿ ಕೂತ ಪದರ ಇರಬಹುದು. ಭಾರದ ಯಂತ್ರ ಓಡಿದ್ದೋ, ಹಸಿ ಮಣ್ಣಿನಲ್ಲಿ ಉತ್ತದ್ದೋ ಕಾರಣವಾಗಿರಬಹುದು. ಎರೆಹುಳದ ಬಿಲ ಇದೆಯಾ ನೋಡಿ. ಮೂಸಿ. ಗಾಳಿಯಾಡುವ ಮಣ್ಣಿಗೆ ಮಳೆ ಬಿದ್ದ ನೆಲದ ವಾಸನೆ ಇರುತ್ತದೆ, ನೀರು ನಿಂತು ಉಸಿರುಗಟ್ಟಿದ ಮಣ್ಣು ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ. ಒಣ ಹೆಂಟೆಯೊಂದನ್ನು ನೀರಿರುವ ಲೋಟಕ್ಕೆ ಇಳಿಸಿ ಸ್ವಲ್ಪ ಹೊತ್ತು ಕಾಯಿರಿ. ಹಾಗೇ ಗಟ್ಟಿಯಾಗಿ ನಿಂತರೆ ಮಣ್ಣಿನ ಕಟ್ಟು ಚೆನ್ನಾಗಿದೆ, ಪುಡಿಯಾಗಿ ನೀರು ಬಗ್ಗಡವಾದರೆ ಕಟ್ಟು ಸಡಿಲವಾಗಿದೆ. ಬೇಲಿ ಬದಿಯ ಉಳದ ಜಾಗದಿಂದಲೂ ಒಂದು ಹೆಂಟೆ ತಂದು ಪಕ್ಕದಲ್ಲಿ ಇಟ್ಟು ನೋಡಿ. ಇದಕ್ಕೆ ಲ್ಯಾಬ್ ಬೇಡ. ಲ್ಯಾಬಿಗೆ ಯಾವ ಮಾದರಿ ಕಳಿಸಬೇಕು ಅನ್ನೋದು ಇದರಿಂದ ಗೊತ್ತಾಗುತ್ತದೆ.

ಎರಡನೆಯದು ನೀರು. ಎಲ್ಲಿಂದ ಬರುತ್ತದೆ, ಯಾರ ಪಾಳಿ, ಪಾಳಿ ತಪ್ಪಿದರೆ ಯಾರನ್ನು ಕೇಳುತ್ತಾರೆ. ಜಗತ್ತಿನಲ್ಲಿ ಮನುಷ್ಯರು ಎತ್ತಿಕೊಳ್ಳುವ ಸಿಹಿನೀರಿನಲ್ಲಿ ಸುಮಾರು 70 ಶೇಕಡಾ ಬೇಸಾಯಕ್ಕೇ ಹೋಗುತ್ತದೆ. ಅದರ ಹಂಚಿಕೆಯ ನಿಯಮ ಎಷ್ಟೋ ಕಡೆ ಕಾಗದದ ಮೇಲೆ ಇರುವುದೇ ಇಲ್ಲ.

ಮೂರನೆಯದು ಶೆಡ್ಡು. ಗೊಬ್ಬರದ ಚೀಲಗಳು, ಔಷಧಿ ಡಬ್ಬಿಗಳು, ರಿಪೇರಿಗೆ ನಿಂತ ಯಂತ್ರ. ರೈತರು ಬಾಯಲ್ಲಿ ಹೇಳಲು ಮರೆತದ್ದು ಶೆಡ್ಡಿನಲ್ಲಿ ಇರುತ್ತದೆ. ಆದರೆ ಕರೆದರೆ ಮಾತ್ರ ಒಳಗೆ ಹೋಗಿ.

ದೀರ್ಘಕಾಲದ ಪ್ರಯೋಗದ ಹೊಲಗಳನ್ನು ನೋಡುವುದರಿಂದ ಉಪಯೋಗವಿದೆಯಾ?

ಬಹಳ ಇದೆ. ಮೂರು ವರ್ಷದ ಪಿಎಚ್‌ಡಿಯಲ್ಲಿ ಮಣ್ಣಿನ ಇಂಗಾಲ ಕಣ್ಣಿಗೆ ಕಾಣುವಷ್ಟು ಬದಲಾಗುವುದು ಕಷ್ಟ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ ಬ್ರಾಡ್‌ಬಾಕ್ ಎಂಬ ಗೋಧಿ ಹೊಲದಲ್ಲಿ 1843ರಲ್ಲಿ ಶುರುವಾದ ಪ್ರಯೋಗ ಈಗಲೂ ನಡೆಯುತ್ತಿದೆ. ಅಲ್ಲಿ ಗೊಬ್ಬರವನ್ನೇ ಹಾಕದ ಪಟ್ಟಿ, ಕೊಟ್ಟಿಗೆ ಗೊಬ್ಬರದ ಪಟ್ಟಿ, ರಾಸಾಯನಿಕ ಗೊಬ್ಬರದ ಪಟ್ಟಿಗಳು ಅಕ್ಕಪಕ್ಕದಲ್ಲೇ ಇವೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಮಾರೋ ಪ್ಲಾಟ್ಸ್ 1876ರಿಂದ ಇದೆ. ಇಂಥ ಹೊಲದ ಅಂಚಿನಲ್ಲಿ ನಿಂತರೆ "ದೀರ್ಘಕಾಲ" ಅನ್ನೋ ಪದವನ್ನು ಪ್ರಬಂಧದಲ್ಲಿ ಬಳಸುವಾಗ ಕೈ ಸ್ವಲ್ಪ ತಡೆಯುತ್ತದೆ. ನಿಮಗೆ ಹತ್ತಿರ ಇರುವ ಕೃಷಿ ಸಂಶೋಧನಾ ಕೇಂದ್ರದಲ್ಲೂ ಹತ್ತಾರು ವರ್ಷದ ಹೊಲ ಇರಬಹುದು, ವಿಚಾರಿಸಿ.

ಸಗಟು ಮಾರುಕಟ್ಟೆಯಲ್ಲಿ ಬರೀ ಗಲಾಟೆ. ಏನು ಕಲಿಯೋದು?

ಬೆಳಕು ಹರಿಯುವ ಮುಂಚೆ ಹೋಗಿ, ಒಂದು ಮೂಲೆ ಹಿಡಿದು ನಿಲ್ಲಿ. ಲಾರಿಯಿಂದ ಟೊಮೆಟೊ ಕ್ರೇಟುಗಳು ಇಳಿಯುವುದನ್ನು ಗಮನಿಸಿ. ಮೇಲಿನ ಸಾಲಿನ ಹಣ್ಣು ಹೊಳೆಯುತ್ತಿರುತ್ತದೆ. ತಳದ ಸಾಲಿನ ಕ್ರೇಟಿನ ಕಿಂಡಿಗಳಿಂದ ರಸ ಸೋರಿ ಲಾರಿಯ ಹಲಗೆ ಒದ್ದೆಯಾಗಿರುತ್ತದೆ. ಕ್ರೇಟನ್ನು ಅಂಚು ಮೀರಿ ತುಂಬಿ, ಅದರ ಮೇಲೆ ಇನ್ನೊಂದು ಇಟ್ಟಿದ್ದರೆ ಭಾರವೆಲ್ಲ ಕ್ರೇಟಿನ ಗೋಡೆಯ ಬದಲು ಹಣ್ಣಿನ ಮೇಲೆ ಬೀಳುತ್ತದೆ. ಯಾಕೆ ಅಷ್ಟು ತುಂಬಿದರು? ಬಾಡಿಗೆ ಕ್ರೇಟಿನ ಲೆಕ್ಕದಲ್ಲಿದ್ದರೆ ತುಂಬಿದಷ್ಟೂ ಲಾಭ, ಅದಕ್ಕೆ. ಇಳಿಸುವವರಿಗೆ ಕೂಲಿಯೂ ಕ್ರೇಟಿನ ಲೆಕ್ಕದಲ್ಲೇ ಸಿಕ್ಕರೆ ಮೆಲ್ಲಗೆ ಇಡಲು ಅವರಿಗೆ ಕಾರಣವೇ ಇಲ್ಲ. ಕೊಳ್ಳುವವರು ಒಡೆದದ್ದನ್ನು ತೂಕದಲ್ಲಿ ಕಳೆಯುತ್ತಾರೆ. ಆ ಕಳೆತ ತಿರುಗಿ ರೈತನ ಚೀಟಿಗೆ ಬರುತ್ತದೆ.

ಇಷ್ಟನ್ನು ನೋಡಿದ ಮೇಲೆ "ರೈತರಿಗೆ ಕೊಯ್ಲೋತ್ತರ ತರಬೇತಿ ಕೊಡಬೇಕು" ಅಂತ ಬರೆಯಲು ಮನಸ್ಸು ಬರುವುದಿಲ್ಲ. ಇಲ್ಲಿ ಸರಿಯಾಗಬೇಕಾದದ್ದು ಬಾಡಿಗೆ ಮತ್ತು ಕೂಲಿ ಲೆಕ್ಕ ಹಾಕುವ ರೀತಿ. ಎಲ್ಲಾ ಕಡೆಯೂ ಇದೇ ಕಾರಣ ಇರುತ್ತದೆ ಅಂತಲ್ಲ. ನಿಮ್ಮ ಮಾರುಕಟ್ಟೆಯಲ್ಲಿ ಯಾವ ಲೆಕ್ಕ ನಡೆಯುತ್ತದೆ ಅನ್ನೋದನ್ನು ನೀವೇ ಕೇಳಿ ತಿಳಿಯಬೇಕು.

ಹಮಾಲರು, ತೂಕದವರು, ಲಾರಿ ಚಾಲಕರು, ಟೀ ಮಾರುವವರ ಹತ್ತಿರ ಮಾತಾಡಿ. ಮಾರುಕಟ್ಟೆ ಮುಖ್ಯಸ್ಥರ ಕೋಣೆಯಲ್ಲಿ ಕಳೆಯುವ ಹೊತ್ತು ಆದಷ್ಟು ಕಡಿಮೆ ಇರಲಿ.

ಗೋದಾಮು, ಕೋಲ್ಡ್ ಸ್ಟೋರೇಜ್‌ನಲ್ಲಿ?

ಕಾಳಿನ ಗೋದಾಮಾದರೆ ತೇವಾಂಶ ಕೇಳಿ. ಗೋಧಿ, ಮೆಕ್ಕೆಜೋಳದಂಥವನ್ನು ಬಹಳ ದಿನ ಇಡಬೇಕಾದರೆ ತೇವಾಂಶ ಸುಮಾರು 13 ಶೇಕಡಾ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಜಾಸ್ತಿಯಾದರೆ ಬೂಸ್ಟು. ಕೆಲವು ಬೂಸ್ಟು ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟಿಸುತ್ತದೆ. ಅದು ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ತೇವಾಂಶ ಅಳೆಯುವವರು ಯಾರು, ಮೀಟರ್ ಯಾರದ್ದು ಅನ್ನೋದನ್ನೂ ಕೇಳಿ. ಒಂದು ಅಂಕಿ ಆಚೀಚೆ ಆದರೆ ದರವೇ ಬದಲಾಗುತ್ತದೆ.

ಕೋಲ್ಡ್ ಸ್ಟೋರೇಜ್‌ನಲ್ಲಿ ಬಾಗಿಲ ಹತ್ತಿರ ನಿಲ್ಲಿ. ಎಷ್ಟು ಹೊತ್ತು ತೆರೆದಿರುತ್ತದೆ, ರಬ್ಬರ್ ಹರಿದಿದೆಯಾ, ಒಳಗಿನ ಕೊಳವೆ ಮೇಲೆ ಹಿಮ ದಪ್ಪಗೆ ಕಟ್ಟಿದೆಯಾ ನೋಡಿ. ತಂಪಿನ ಅನಿಲ ಯಾವುದು ಅಂತಲೂ ಕೇಳಿ. ಅಮೋನಿಯಾ ಭೂಮಿಯನ್ನು ಬಿಸಿ ಮಾಡುವುದಿಲ್ಲ, ಆದರೆ ಸೋರಿದರೆ ಅಲ್ಲಿ ಕೆಲಸ ಮಾಡುವವರ ಜೀವಕ್ಕೆ ಅಪಾಯ. ಆರ್-404ಎ ಥರದ ಅನಿಲ ಕೆಲಸಗಾರರಿಗೆ ಅಷ್ಟು ಅಪಾಯವಲ್ಲ, ಆದರೆ ಬಿಸಿ ಹಿಡಿಯುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರಾರು ಪಟ್ಟು ಗಟ್ಟಿ. ಇಂಥ ಅನಿಲಗಳನ್ನು ಹಂತ ಹಂತವಾಗಿ ಕಡಿಮೆ ಮಾಡಲೆಂದೇ 2016ರಲ್ಲಿ ಮಾಂಟ್ರಿಯಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಕಿಗಾಲಿ ತಿದ್ದುಪಡಿ ಆಯಿತು. ಪರಿಸರ ಒಂದು ಕಡೆ, ಕೆಲಸಗಾರರ ಸುರಕ್ಷತೆ ಇನ್ನೊಂದು ಕಡೆ ಜಗ್ಗುವುದು ಇಲ್ಲಿ ಒಂದೇ ಕೋಣೆಯೊಳಗೆ ಕಾಣುತ್ತದೆ.

ಆಹಾರ ಕಾರ್ಖಾನೆಯವರು ಒಳಗೆ ಬಿಡುತ್ತಾರಾ?

ಬಿಡುತ್ತಾರೆ, ಆದರೆ ಮೊದಲೇ ಪತ್ರ ಬೇಕು. ಫೋಟೋ ಇಲ್ಲ, ಉಂಗುರ-ಗಡಿಯಾರ ಇಲ್ಲ, ಟೋಪಿ-ಕೋಟು ಕಡ್ಡಾಯ. ಶುಚಿಯಾದ ಭಾಗದಿಂದ ಶುರುಮಾಡಿ ಕಚ್ಚಾ ಸರಕಿನ ಕಡೆಗೆ ನಡೆಸುತ್ತಾರೆ. ಕಚ್ಚಾ ಸರಕಿನ ರೋಗಾಣು ಶುಚಿಯಾದ ಭಾಗಕ್ಕೆ ಹೋಗಬಾರದು ಅಂತ ಈ ಕ್ರಮ. ನೀರಿನ ಬಿಲ್ಲು, ಉಗಿಯ ಬಾಯ್ಲರ್, ಕಸ ಹೋಗುವ ದಾರಿ, ಈ ಮೂರನ್ನು ತೋರಿಸಿ ಅಂತ ಕೇಳಿ. ಉತ್ಪಾದನಾ ಸಾಲನ್ನು ಹೇಗೂ ಅವರೇ ತೋರಿಸುತ್ತಾರೆ.

ನಮಗೆ ಚೆನ್ನಾಗಿರುವುದನ್ನೇ ತೋರಿಸುತ್ತಾರಲ್ವಾ?

ಹೌದು, ಮತ್ತು ಅದಕ್ಕೆ ಅವರನ್ನು ದೂರುವುದು ಸರಿಯಲ್ಲ. ಮನೆಗೆ ಬಂದವರಿಗೆ ಯಾರಾದರೂ ಹಾಗೇ ಮಾಡುವುದು. ಅದನ್ನು ತಿಳಿದುಕೊಂಡು ನೋಡುವುದು ನಮ್ಮ ಜವಾಬ್ದಾರಿ.

ರಾಬರ್ಟ್ ಚೇಂಬರ್ಸ್ ಎಂಬ ಬ್ರಿಟಿಷ್ ವಿದ್ವಾಂಸರು 1983ರಲ್ಲೇ ಇದನ್ನು ಬಿಡಿಸಿ ಬರೆದಿದ್ದಾರೆ. ಹೊರಗಿನಿಂದ ಬರುವ ತಜ್ಞರು ಡಾಂಬರು ರಸ್ತೆ ಪಕ್ಕದ ಊರನ್ನೇ ನೋಡುತ್ತಾರೆ. ಯೋಜನೆ ನಡೆದ ಕಡೆಗೇ ಹೋಗುತ್ತಾರೆ. ಮುಖಂಡರು, ಗಂಡಸರು, ಚುರುಕಾಗಿ ಮಾತಾಡುವವರನ್ನೇ ಭೇಟಿಯಾಗುತ್ತಾರೆ. ಓಡಾಟಕ್ಕೆ ಸುಲಭವಾದ ಒಣ ಕಾಲದಲ್ಲಿ ಬರುತ್ತಾರೆ. ಮುಜುಗರದ ಪ್ರಶ್ನೆ ಕೇಳುವುದಿಲ್ಲ. ತಮ್ಮ ವಿಷಯಕ್ಕೆ ಸೇರಿದ್ದನ್ನು ಮಾತ್ರ ಗಮನಿಸುತ್ತಾರೆ. ಇಷ್ಟು ವರ್ಷವಾದರೂ ಈ ಪಟ್ಟಿಯಲ್ಲಿ ಒಂದೂ ಹಳತಾಗಿಲ್ಲ.

ಹಾಗಾಗಿ ರಸ್ತೆ ಮುಗಿದ ಮೇಲೂ ನಡೆಯಿರಿ. ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ, ಎತ್ತರದ ಹೊಲದಿಂದ ತಗ್ಗಿನ ಹೊಲಕ್ಕೆ, ಊರಿನವರೊಬ್ಬರ ಜೊತೆ ಮಾತಾಡುತ್ತಾ ನಡೆಯುವ ಪದ್ಧತಿಯೇ ಒಂದಿದೆ. ಮಣ್ಣು, ನೀರು, ಬೆಳೆ, ಮನೆ ಹೇಗೆ ಬದಲಾಗುತ್ತವೆ ಅಂತ ದಾರಿಯುದ್ದಕ್ಕೂ ಗುರುತು ಹಾಕಿಕೊಳ್ಳಬೇಕು. "ಇದನ್ನು ಮಾಡಿ ಬಿಟ್ಟವರು ಯಾರಾದರೂ ಇದ್ದಾರಾ? ಅವರನ್ನು ನೋಡಬಹುದಾ?" ಅಂತ ಕೇಳಿ. ಹೊಸ ಪದ್ಧತಿ ಹಿಡಿದವರಿಗಿಂತ ಅದನ್ನು ಕೈಬಿಟ್ಟವರು ಹೇಳುವ ಕಾರಣಗಳು ಸಂಶೋಧನೆಗೆ ಬಹಳ ಬೆಲೆಯುಳ್ಳವು.

ಪ್ರಶ್ನೆ ಹೇಗೆ ಕೇಳಬೇಕು?

"ನಿಮ್ಮದು ಸುಸ್ಥಿರ ಕೃಷಿಯಾ?" ಅಂತ ಕೇಳಿದರೆ "ಹೌದು" ಅಂತಾರೆ, ಮುಗಿಯಿತು. "ಹೋದ ವರ್ಷ ಯಾವುದು ಕೈಕೊಟ್ಟಿತು? ಆಗ ಏನು ಮಾಡಿದಿರಿ?" ಅಂತ ಕೇಳಿ. "ಈ ಹೊಲವನ್ನು ಇನ್ನು ಹತ್ತು ವರ್ಷ ಯಾರು ನೋಡಿಕೊಳ್ಳುತ್ತಾರೆ?" ಅಂತ ಕೇಳಿ. ಎಷ್ಟೋ ಹೊಲಗಳ ಮಟ್ಟಿಗೆ ಸುಸ್ಥಿರತೆಯ ದೊಡ್ಡ ಪ್ರಶ್ನೆ ಇದೇ.

ಆದಾಯ, ಸಾಲದ ವಿಷಯ ಮೊದಲ ಭೇಟಿಯಲ್ಲಿ ಬೇಡ. ಪ್ರಶ್ನೆ ಕೇಳಿದ ಮೇಲೆ ಸುಮ್ನೆ ಇರುವುದನ್ನೂ ಅಭ್ಯಾಸ ಮಾಡಿಕೊಳ್ಳಿ. ಓದಿದವರಿಗೆ ಮೌನ ತುಂಬುವ ಚಟ ಇರುತ್ತದೆ. ಎದುರಿನವರು ಯೋಚಿಸುತ್ತಿರುವಾಗ ನೀವೇ ಉತ್ತರ ಸೂಚಿಸಿದರೆ ಅವರು ಅದನ್ನೇ ಒಪ್ಪಿಕೊಂಡುಬಿಡುತ್ತಾರೆ.

ಮನೆಯ ಹೆಂಗಸರು, ಕೂಲಿಯವರು, ಗೇಣಿಗೆ ಮಾಡುವವರ ಹತ್ತಿರ ಬೇರೆಯಾಗಿ ಮಾತಾಡಲು ಅವಕಾಶ ಮಾಡಿಕೊಳ್ಳಿ. ವಿಶ್ವಸಂಸ್ಥೆಯ ಆಹಾರ ಭದ್ರತಾ ಸಮಿತಿಗೆ ಸಲಹೆ ಕೊಡುವ ಎಚ್‌ಎಲ್‌ಪಿಇ ತಜ್ಞರ ತಂಡ 2020ರಲ್ಲಿ ಆಹಾರ ಭದ್ರತೆಯ ಹಳೆಯ ನಾಲ್ಕು ಮುಖಗಳಿಗೆ (ಆಹಾರ ಇರುವುದು, ಕೈಗೆ ಸಿಗುವುದು, ಮೈಗೆ ಹತ್ತುವುದು, ತಪ್ಪದೆ ಸಿಗುತ್ತಿರುವುದು) ಇನ್ನೆರಡು ಸೇರಿಸಬೇಕು ಅಂತು. ಒಂದು ಸುಸ್ಥಿರತೆ. ಇನ್ನೊಂದು, ತಾನು ಏನು ಬೆಳೆಯಬೇಕು, ಏನು ತಿನ್ನಬೇಕು ಅನ್ನೋದನ್ನು ತಾನೇ ತೀರ್ಮಾನಿಸುವ ಶಕ್ತಿ. ಈ ಎರಡನೆಯದು ಮನೆಯ ಯಜಮಾನರೊಬ್ಬರನ್ನೇ ಕೇಳಿದರೆ ತಿಳಿಯುವುದಿಲ್ಲ.

ಅಲ್ಲಿನ ಭಾಷೆ ಬರದಿದ್ದರೆ?

ಜೊತೆಗೆ ಬರುವ ಅನುವಾದಕರನ್ನು ಸಂಶೋಧನೆಯ ಜೊತೆಗಾರರಂತೆ ನೋಡಿ. ಹಿಂದಿನ ದಿನವೇ ಕೂತು ಪ್ರಶ್ನೆಗಳ ಉದ್ದೇಶ ವಿವರಿಸಿ. ಉದ್ದದ ಉತ್ತರವನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಬೇಡಿ ಅಂತ ಕೇಳಿಕೊಳ್ಳಿ. ಮಣ್ಣಿಗೆ, ಕಳೆಗೆ, ಗಾಳಿಗೆ ಅಲ್ಲಿನವರು ಇಟ್ಟ ಹೆಸರುಗಳನ್ನು ಹಾಗೇ ಬರೆದುಕೊಳ್ಳಿ. ಅವುಗಳಲ್ಲಿ ಅಲ್ಲಿನ ವಿಂಗಡಣೆಯ ಅರಿವು ಇರುತ್ತದೆ. ಅನುವಾದಕರಿಗೆ ಸರಿಯಾದ ಸಂಭಾವನೆ ಕೊಡಿ, ಪ್ರಬಂಧದಲ್ಲಿ ಅವರ ಕೆಲಸವನ್ನು ಗುರುತಿಸಿ.

ಅನುಮತಿ, ಎಥಿಕ್ಸ್ ಕಮಿಟಿ ಎಲ್ಲ ಬೇಕಾ?

ಸುಮ್ನೆ ನೋಡಿ ಕಲಿಯಲು ಹೋಗುವುದಕ್ಕೂ, ಜನರಿಂದ ಮಾಹಿತಿ ತೆಗೆದು ಪ್ರಕಟಿಸುವುದಕ್ಕೂ ವ್ಯತ್ಯಾಸವಿದೆ. ಎರಡನೆಯದಕ್ಕೆ ನಿಮ್ಮ ವಿಶ್ವವಿದ್ಯಾಲಯದ ಎಥಿಕ್ಸ್ ಕಮಿಟಿಯ ಒಪ್ಪಿಗೆ ಹೋಗುವ ಮುಂಚೆಯೇ ಬೇಕು. ಬಂದ ಮೇಲೆ ಕೇಳಿದರೆ ಆ ಮಾಹಿತಿ ಬಳಸಲು ಬರುವುದಿಲ್ಲ. ಯಾವುದಾಗುತ್ತದೋ ಅಂತ ಅನುಮಾನವಿದ್ದರೆ ಮೊದಲೇ ಅರ್ಜಿ ಹಾಕಿ.

ಬೀಜ, ಸಸಿ, ಮಣ್ಣು, ಹುದುಗಿಸುವ ಸೂಕ್ಷ್ಮಜೀವಿ ಇವನ್ನು ಚೀಲಕ್ಕೆ ಹಾಕಿಕೊಂಡು ಬರಬೇಡಿ. 2010ರಲ್ಲಿ ಒಪ್ಪಿಕೊಂಡು 2014ರಲ್ಲಿ ಜಾರಿಗೆ ಬಂದ ನಗೋಯಾ ಒಪ್ಪಂದದ ಪ್ರಕಾರ, ಜೈವಿಕ ಸಂಪನ್ಮೂಲವನ್ನು ಮತ್ತು ಅದರ ಜೊತೆಗಿರುವ ಪಾರಂಪರಿಕ ಜ್ಞಾನವನ್ನು ಬಳಸುವವರು ಮೊದಲೇ ಒಪ್ಪಿಗೆ ಪಡೆಯಬೇಕು, ಲಾಭ ಹಂಚಿಕೊಳ್ಳಬೇಕು. ಆದಿವಾಸಿ ಸಮುದಾಯಗಳ ಮಾಹಿತಿಯ ಬಗ್ಗೆ ಕೇರ್ ತತ್ವಗಳು 2019ರಿಂದ ಇವೆ: ಸಮುದಾಯಕ್ಕೆ ಒಳಿತಾಗಬೇಕು, ಮಾಹಿತಿಯ ಹಿಡಿತ ಅವರಲ್ಲಿರಬೇಕು, ಬಳಸುವವರು ಹೊಣೆ ಹೊರಬೇಕು, ನೀತಿ ಬಿಡಬಾರದು.

ಫೋಟೋ ತೆಗೆಯಬಹುದಾ?

ಕೇಳಿ ತೆಗೆಯಿರಿ. ಮಕ್ಕಳು ಕೆಲಸ ಮಾಡುತ್ತಿರುವುದು, ಕಾಗದಪತ್ರ ಇಲ್ಲದ ವಲಸೆ ಕಾರ್ಮಿಕರು, ಯಾರ ಕೆಲಸಕ್ಕಾದರೂ ಕುತ್ತು ತರುವಂಥದ್ದು ಬೇಡ. ಫೋಟೋದ ಜೊತೆ ಜಾಗದ ಗುರುತು ತಾನಾಗಿ ಸೇರಿಕೊಳ್ಳುವುದನ್ನು ಫೋನಿನಲ್ಲಿ ಆಫ್ ಮಾಡಿ.

ಒಂದು ಫಾರ್ಮ್‌ನಿಂದ ನೇರ ಇನ್ನೊಂದಕ್ಕೆ ಹೋಗಬಹುದಾ?

ಜಾನುವಾರು, ಹಂದಿ, ಕೋಳಿ ಇರುವ ಕಡೆ ಹಾಗೆ ಹೋಗಲೇಬೇಡಿ. ಕಾಲುಬಾಯಿ ರೋಗದ ವೈರಸ್ ಶೂ, ಬಟ್ಟೆ, ಗಾಡಿಯ ಚಕ್ರದ ಕೆಸರಿನಲ್ಲಿ ಪ್ರಯಾಣ ಮಾಡುತ್ತದೆ. 2001ರಲ್ಲಿ ಬ್ರಿಟನ್ನಿನಲ್ಲಿ ಅದು ಹರಡಿದಾಗ 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಬೇಕಾಯಿತು. ಆಫ್ರಿಕನ್ ಹಂದಿ ಜ್ವರ ಮನುಷ್ಯರಿಗೆ ಬರುವುದಿಲ್ಲ, ಆದರೆ ಮನುಷ್ಯರ ಶೂಗಳಲ್ಲಿ, ಬುತ್ತಿಯ ಹಂದಿ ಮಾಂಸದಲ್ಲಿ ಹೋಗುತ್ತದೆ. ಒಂದು ದಿನಕ್ಕೆ ಒಂದೇ ಫಾರ್ಮ್ ಇಟ್ಟುಕೊಳ್ಳಿ. ಶೂನ ತಳವನ್ನು ಬ್ರಷ್ಷಿನಿಂದ ಉಜ್ಜಿ ಕೆಸರು ತೆಗೆದ ಮೇಲೇ ಸೋಂಕುನಾಶಕದಲ್ಲಿ ಅದ್ದಿ. ಕೆಸರಿನ ಮೇಲೆ ಹಾಕಿದ ಔಷಧಿ ಕೆಲಸ ಮಾಡುವುದಿಲ್ಲ. ಮಣ್ಣಿನ ರೋಗ ಇರುವ ತೋಟಗಳಿಗೂ ಇದೇ ನಿಯಮ.

ಈ ವಿಷಯದಲ್ಲಿ ಸ್ವಲ್ಪವೂ ಸಡಿಲ ಬೇಡ. ನಮ್ಮ ಕಲಿಕೆಗಾಗಿ ಒಬ್ಬರ ಹಟ್ಟಿ ಬರಿದಾಗಬಾರದು.

ಭೇಟಿಯಲ್ಲಿ ಕಾಣದೇ ಇರುವುದು ಯಾವುದು?

ಬಹಳಷ್ಟು ಕಾಣುವುದಿಲ್ಲ, ಮತ್ತು ಇದನ್ನು ಮರೆಯಬಾರದು. ಗೊಬ್ಬರ ಜಾಸ್ತಿಯಾದ ಹೊಲದಿಂದ ಹೊರಡುವ ನೈಟ್ರಸ್ ಆಕ್ಸೈಡ್‌ಗೆ ಬಣ್ಣವಿಲ್ಲ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 273 ಪಟ್ಟು ಬಿಸಿ ಹಿಡಿಯುತ್ತದೆ. ಹಚ್ಚ ಹಸಿರು ಹೊಲ ಕಣ್ಣಿಗೆ ಆರೋಗ್ಯವಾಗಿಯೇ ಕಾಣುತ್ತದೆ.

ಹನಿ ನೀರಾವರಿ ಇನ್ನೊಂದು ಉದಾಹರಣೆ. ಹೊಲದಲ್ಲಿ ನಿಂತರೆ ನೀರು ಉಳಿದಂತೆ ಕಾಣುತ್ತದೆ. ಆದರೆ ಮೊದಲು ಪೋಲಾಗುತ್ತಿದ್ದ ನೀರಿನಲ್ಲಿ ಒಂದಷ್ಟು ಇಂಗಿ ಬೇರೆಯವರ ಬಾವಿ, ಹೊಳೆ ಸೇರುತ್ತಿತ್ತು. ಈಗ ಉಳಿದ ನೀರಿನಲ್ಲಿ ಇನ್ನಷ್ಟು ನೆಲ ಬಿತ್ತಿದರೆ ಇಡೀ ಜಲಾನಯನದಲ್ಲಿ ನೀರಿನ ಬಳಕೆ ಕಡಿಮೆಯಾಗುವ ಬದಲು ಜಾಸ್ತಿಯಾಗಬಹುದು. ಗ್ರಾಫ್ಟನ್ ಮತ್ತು ಸಂಗಡಿಗರು 2018ರಲ್ಲಿ ಈ ಬಿಕ್ಕಟ್ಟನ್ನು ವಿವರಿಸಿದ್ದಾರೆ. ಇದನ್ನು ಹಿಡಿಯಲು ಅಂತರ್ಜಲದ ದಾಖಲೆ, ಉಪಗ್ರಹ ಚಿತ್ರ, ಕೆಳಗಿನ ಊರಿನವರ ಮಾತು, ಎಲ್ಲ ಬೇಕು. ಹಾಗಾಗಿ ಒಂದು ಜಾಗ ನೋಡಿದ ಮೇಲೆ ಅದರ ಕೆಳಗಿನ ಜಾಗವನ್ನೂ ನೋಡಿ.

ಮನೆಗಳ ಒಳಗಿನ ಕಸವೂ ಹಾಗೇ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿ ಪ್ರಕಾರ 2022ರಲ್ಲಿ 105 ಕೋಟಿ ಟನ್ ಆಹಾರ ವ್ಯರ್ಥವಾಯಿತು, ಅದರಲ್ಲಿ ಸುಮಾರು 60 ಶೇಕಡಾ ಮನೆಗಳಲ್ಲೇ. ಕ್ಷೇತ್ರ ಭೇಟಿಯ ಪಟ್ಟಿಯಲ್ಲಿ ಮನೆಯ ಅಡುಗೆಕೋಣೆ ಇರುವುದು ಅಪರೂಪ.

ಟಿಪ್ಪಣಿ ಹೇಗೆ ಬರೆಯಬೇಕು?

ಅದೇ ರಾತ್ರಿ, ಮಲಗುವ ಮುಂಚೆ. ಪುಟವನ್ನು ಎರಡು ಭಾಗ ಮಾಡಿ: ಎಡಕ್ಕೆ ಕಂಡದ್ದು ಮತ್ತು ಕೇಳಿದ್ದು, ಬಲಕ್ಕೆ ನಿಮಗೆ ಅನ್ನಿಸಿದ್ದು. ಎರಡೂ ಬೆರೆತರೆ ಆರು ತಿಂಗಳ ಮೇಲೆ ಯಾವುದು ಯಾವುದು ಅಂತ ನಿಮಗೇ ತಿಳಿಯುವುದಿಲ್ಲ. ಜನರ ಹೆಸರಿನ ಬದಲು ಗುರುತಿನ ಸಂಖ್ಯೆ ಬರೆದು, ಹೆಸರಿನ ಪಟ್ಟಿಯನ್ನು ಬೇರೆ ಕಡೆ ಇಡಿ.

ಇದನ್ನೆಲ್ಲ ಪ್ರಬಂಧದಲ್ಲಿ ಹಾಕಬಹುದಾ? ಗೈಡ್ ಟೈಮ್ ವೇಸ್ಟ್ ಅಂತಾರೆ.

ಒಂದು ದಿನದ ಭೇಟಿಯಿಂದ ಪುರಾವೆ ಸಿಗುವುದಿಲ್ಲ. ಅಲ್ಲಿ ಕಂಡದ್ದನ್ನು ಇಡೀ ಪ್ರದೇಶಕ್ಕೆ ಅನ್ವಯಿಸಬೇಡಿ. ಆದರೆ ಪ್ರಶ್ನೆ ತಿದ್ದಲು, ಸಮೀಕ್ಷೆಯ ಪ್ರಶ್ನಾವಳಿ ಸರಿಮಾಡಲು, ಬಂದ ಅಂಕಿಗಳಿಗೆ ಅರ್ಥ ಹುಡುಕಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ವಿಧಾನದ ಅಧ್ಯಾಯದಲ್ಲಿ "ಭೇಟಿಯ ನಂತರ ಈ ಪ್ರಶ್ನೆಯನ್ನು ಹೀಗೆ ಬದಲಿಸಿದೆ, ಕಾರಣ ಇದು" ಅಂತ ಬರೆಯಿರಿ. ಪರೀಕ್ಷಕರು ಅದನ್ನು ಗಮನಿಸುತ್ತಾರೆ.

ಗೈಡಿಗೆ ಎಲಿನೋರ್ ಆಸ್ಟ್ರಮ್ ಅವರ ಉದಾಹರಣೆ ಹೇಳಬಹುದು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಅವರ 1965ರ ಪಿಎಚ್‌ಡಿ ಕೆಲಸ ದಕ್ಷಿಣ ಕ್ಯಾಲಿಫೋರ್ನಿಯಾದ ಒಂದು ಅಂತರ್ಜಲ ಪ್ರದೇಶದ ಮೇಲೆ. ಅತಿಯಾಗಿ ನೀರೆತ್ತಿದ್ದರಿಂದ ಅಲ್ಲಿಗೆ ಸಮುದ್ರದ ಉಪ್ಪುನೀರು ನುಗ್ಗುತ್ತಿತ್ತು. ನೀರು ಎತ್ತುವವರು ಕೂಡಿ ತಮ್ಮ ನಿಯಮ ತಾವೇ ಮಾಡಿಕೊಂಡದ್ದನ್ನು ಅವರು ಹತ್ತಿರದಿಂದ ಅಧ್ಯಯನ ಮಾಡಿದರು. ಆಮೇಲೆ ಜಗತ್ತಿನ ನೀರಾವರಿ, ಮೀನುಗಾರಿಕೆ, ಕಾಡುಗಳ ಬಗ್ಗೆ ಅವರು ಬರೆದದ್ದಕ್ಕೆ ಬೇರು ಅಲ್ಲಿದೆ.

ಒಬ್ಬರೇ ಹೋಗಬೇಕಾ, ಗುಂಪಾಗಿಯಾ?

ಬೇರೆ ಬೇರೆ ವಿಷಯದ ನಾಲ್ಕೈದು ಜನ ಒಳ್ಳೆಯದು. ಮಣ್ಣಿನವರು, ಅರ್ಥಶಾಸ್ತ್ರದವರು, ಪೌಷ್ಟಿಕಾಂಶದವರು, ಸಮಾಜಶಾಸ್ತ್ರದವರು ಒಂದೇ ಹೊಲ ನೋಡಿ ಬಂದು ಸಂಜೆ ಟಿಪ್ಪಣಿ ಹೋಲಿಸಿದರೆ ನಾಲ್ಕು ಬೇರೆ ಹೊಲ ನೋಡಿದಂತಿರುತ್ತದೆ. ಆ ಸಂಜೆಯ ಚರ್ಚೆಗೆ ಸಮಯ ಇಟ್ಟುಕೊಳ್ಳದ ಪ್ರವಾಸ ಅರ್ಧ ಮಾತ್ರ. ಬಸ್ಸು ತುಂಬ ಜನ ಹೋದರೆ ಯಾರೂ ಮನಸ್ಸು ಬಿಚ್ಚಿ ಮಾತಾಡುವುದಿಲ್ಲ.

ಸುಸ್ಥಿರತೆ ಕಲಿಯಲು ವಿಮಾನದಲ್ಲಿ ಹೋಗುವುದು ಸರಿಯಾ?

ಹತ್ತಿರದಲ್ಲಿ ಕಲಿಯಬಹುದಾದದ್ದನ್ನು ಮೊದಲು ಕಲಿಯಿರಿ. ದೂರ ಹೋಗಲೇಬೇಕಾದರೆ ಒಮ್ಮೆ ಹೋಗಿ, ಜಾಸ್ತಿ ದಿನ ಇರಿ.

ನಮಗೆ ಸಮಯ ಕೊಟ್ಟವರಿಗೆ ನಾವೇನು ಕೊಡಬೇಕು?

ಮೊದಲಿಗೆ, ಅವರ ದಿನ ಹಾಳು ಮಾಡಬೇಡಿ. ಹೇಳಿದ ಹೊತ್ತಿಗೆ ಹೋಗಿ, ಹೇಳಿದ ಹೊತ್ತಿಗೆ ಹೊರಡಿ. ಕೂಲಿ ಬಿಟ್ಟು ಬಂದು ಮಾತಾಡಿದವರಿಗೆ ಆ ಕೂಲಿಯನ್ನು ಕೊಡುವ ವ್ಯವಸ್ಥೆ ಬಜೆಟ್‌ನಲ್ಲಿ ಇರಲಿ, ಎಥಿಕ್ಸ್ ಅರ್ಜಿಯಲ್ಲೂ ಅದನ್ನು ಬರೆಯಿರಿ. ಆಗದ ಮಾತು ಕೊಡಬೇಡಿ. "ಸರ್ಕಾರಕ್ಕೆ ಹೇಳುತ್ತೇನೆ" ಅನ್ನೋದು ಎಷ್ಟೋ ಸಂಶೋಧಕರ ಬಾಯಿಂದ ಸಲೀಸಾಗಿ ಬರುತ್ತದೆ, ಕೇಳಿಸಿಕೊಂಡವರು ವರ್ಷಗಟ್ಟಲೆ ಕಾಯುತ್ತಾರೆ.

ಮಣ್ಣು, ನೀರು ಪರೀಕ್ಷೆ ಮಾಡಿಸಿದ್ದರೆ ಫಲಿತಾಂಶವನ್ನು ಅವರ ಭಾಷೆಯಲ್ಲಿ, ಒಂದೇ ಪುಟದಲ್ಲಿ ಬರೆದು ತಲುಪಿಸಿ. ಬಿತ್ತನೆಗೆ ಮುಂಚೆ ಸಿಕ್ಕರೆ ಅವರಿಗೆ ಉಪಯೋಗವಾಗುತ್ತದೆ. ಪ್ರಬಂಧ ಮುಗಿಯುವವರೆಗೆ ಕಾಯುತ್ತಾ ಕೂತರೆ ಅಷ್ಟರಲ್ಲಿ ಮೂರು ಬೆಳೆ ಕಳೆದಿರುತ್ತದೆ. ಹಾಗಾಗಿ ಲ್ಯಾಬಿನ ವರದಿ ನಿಮ್ಮ ಕೈಗೆ ಬಂದ ವಾರದಲ್ಲೇ ಕಳಿಸಿ. ಅದರಲ್ಲಿ ಅವರಿಗೆ ಇಷ್ಟವಾಗದ ಅಂಕಿ ಇದ್ದರೆ, ಪತ್ರಕ್ಕೆ ಬಿಡದೆ ಫೋನ್ ಮಾಡಿ ಅಥವಾ ಹೋಗಿ ಕೂತು ವಿವರಿಸಿ.